ಅಲ್ಪವೆಚ್ಚದ ಚಿತ್ರವೂ ಅದರ ಲೆಕ್ಕವೂ

‘ದುಡ್ಡಿಲ್ಲದೆ ತೆಗೆದ ಚಿತ್ರ’ ಎಂಬ ಮಾತನ್ನು ನಾವು ಒಂದು ಬಿರುದಿನಂತೆ ಬಳಸುತ್ತ ಬಂದಿದ್ದೇವೆ. ಹೆಸರಾಂತ ತಾರೆಯರಿಲ್ಲ, ಸ್ಟುಡಿಯೋ ಇಲ್ಲ, ಹಾಡಿಗಾಗಿ ಪರದೇಶ ಪ್ರಯಾಣವಿಲ್ಲ. ಹಳ್ಳಿಯ ಒಂದು ಮನೆ, ಹತ್ತಿಪ್ಪತ್ತು ಮಂದಿ ಉತ್ಸಾಹಿಗಳು, ಬಾಡಿಗೆಯ ಒಂದು ಕ್ಯಾಮೆರಾ. ಇಷ್ಟರಿಂದಲೇ ಚಿತ್ರವೊಂದು ಸಿದ್ಧವಾಯಿತೆಂದು ಕೇಳಿದೊಡನೆ, ಅದನ್ನು ನೋಡುವ ಮೊದಲೇ ನಮ್ಮ ಮನಸ್ಸು ಅದಕ್ಕೆ ಅರ್ಧ ಒಲಿದುಬಿಡುತ್ತದೆ. ಒಲಿಯುವುದು ತಪ್ಪಲ್ಲ. ಕನ್ನಡಿಗರು ತಲೆಯೆತ್ತಿ ಹೇಳಿಕೊಳ್ಳುವ ಚಿತ್ರಗಳಲ್ಲಿ ಹಲವು ಹೀಗೆಯೇ ಹುಟ್ಟಿದವು. ಆದರೆ ದುಡ್ಡಿಲ್ಲದೆ ಚಿತ್ರವಾಗುತ್ತದೆಯೆ? ಆಗುವುದಿಲ್ಲವೆಂದೇ ನನ್ನ ಅಭಿಪ್ರಾಯ. ನಿರ್ಮಾಪಕನ ಪುಸ್ತಕದಲ್ಲಿ ಕಾಣದ ಖರ್ಚು ಬೇರೆ ಯಾರದೋ ಮನೆಯ ಮೇಲೆ ಬಿದ್ದಿರುತ್ತದೆ. ನಮ್ಮ ಕಾಲೇಜಿನ ನಾಟಕ ಸಂಘವು ಬರುವ ರಜೆಯಲ್ಲಿ ಇಪ್ಪತ್ತು ನಿಮಿಷಗಳ ಒಂದು ಕಿರುಚಿತ್ರವನ್ನು ‘ಖರ್ಚೇ ಇಲ್ಲದೆ’ ತೆಗೆಯಲು ಹೊರಟಿರುವುದರಿಂದ ಈ ಮಾತನ್ನು ಈಗಲೇ ಆಡುವುದು ಉಚಿತವೆಂದು ತೋರಿತು.

ಹಿಂದಿನವರ ಉದಾಹರಣೆ ನಮಗೆ ತಿಳಿಯದ್ದಲ್ಲ. ಜಾಹೀರಾತು ಸಂಸ್ಥೆಯೊಂದರಲ್ಲಿ ನೌಕರಿಯಲ್ಲಿದ್ದ ಸತ್ಯಜಿತ್ ರಾಯ್ ಅವರು 1952ರ ಅಕ್ಟೋಬರಿನಲ್ಲಿ, ರಜೆಯ ದಿನ ನೋಡಿ, ‘ಪಥೇರ್ ಪಾಂಚಾಲಿ’ಯ ಚಿತ್ರೀಕರಣವನ್ನು ಕಾಶಹುಲ್ಲಿನ ಬಯಲೊಂದರಲ್ಲಿ ಆರಂಭಿಸಿದರು. ಮುಂದಿನ ವಾರ ಹೋಗಿ ನೋಡಿದರೆ ಬೆಳ್ಳಗೆ ತೂಗುತ್ತಿದ್ದ ಹೂವನ್ನೆಲ್ಲ ದನಗಳು ಮೇದು ಮುಗಿಸಿದ್ದುವು! ಅದೇ ಹೂವಿಗಾಗಿ ಮತ್ತೊಂದು ಋತುವಿನವರೆಗೆ ಕಾಯಬೇಕಾಯಿತು. ಛಾಯಾಗ್ರಾಹಕ ಸುಬ್ರತ ಮಿತ್ರರಿಗೆ ಆಗ ಇನ್ನೂ ಎಳೆಯ ಪ್ರಾಯ. ಅದಕ್ಕೆ ಹಿಂದೆ ಅವರು ಚಲನಚಿತ್ರದ ಕ್ಯಾಮೆರಾ ನಡೆಸಿದವರಲ್ಲ. ರಾಯ್ ತಮ್ಮ ವಿಮೆಯನ್ನು ಒತ್ತೆಯಿಟ್ಟರು. ಅವರ ಮಡದಿ ಬಿಜೊಯಾ ರಾಯ್ ಅವರ ಒಡವೆಗಳೂ ಅಡವಿಗೆ ಹೋದುವು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರದ ನೆರವು ದೊರೆತು ಚಿತ್ರ 1955ರಲ್ಲಿ ಹೊರಬಂತು. ಆ ಒಡವೆಗಳ ಒಡತಿಯನ್ನು ‘ನಿರ್ಮಾಪಕಿ’ ಎಂದು ನಾವು ಯಾರೂ ಕರೆಯುವುದಿಲ್ಲ. ಈ ಸಂಗತಿ ಹಾಗಿರಲಿ.

ನಮ್ಮಲ್ಲಿ 1970ರ ‘ಸಂಸ್ಕಾರ’. ಪಟ್ಟಾಭಿರಾಮ ರೆಡ್ಡಿಯವರು ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ ತಂಡವನ್ನಿಳಿಸಿ ತೆಗೆದ ಚಿತ್ರ. ಗಿರೀಶ ಕಾರ್ನಾಡ, ಪಿ. ಲಂಕೇಶ್, ಸ್ನೇಹಲತಾ ರೆಡ್ಡಿ ಅಭಿನಯಿಸಿದರು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯದ ಟಾಮ್ ಕೋವನ್. ಸೆನ್ಸಾರಿನವರು ಮೊದಲು ತಡೆದ ಆ ಚಿತ್ರವೇ ಮುಂದೆ ರಾಷ್ಟ್ರಪತಿಗಳ ಸ್ವರ್ಣಪದಕವನ್ನು ಕನ್ನಡಕ್ಕೆ ಮೊಟ್ಟಮೊದಲು ತಂದಿತು. ಇನ್ನು ರಾಮ್ ರೆಡ್ಡಿಯವರ ‘ತಿಥಿ’. ಈರೇಗೌಡರ ಜತೆ ಬರೆದ ಕಥೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರನ್ನೇ ಕಣ್ಣಮುಂದಿಟ್ಟುಕೊಂಡು ಹೆಣೆದು, ಅವರಿಂದಲೇ ಆಡಿಸಿದ ಚಿತ್ರ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಅದು ಪ್ರಶಸ್ತಿ ಗಳಿಸಿದಾಗ ಗಡ್ಡಪ್ಪನ ಹೆಸರು ನಮ್ಮ ಹಾಸ್ಟೆಲಿನ ಹುಡುಗರ ಬಾಯಲ್ಲಿ ಮನೆಮಾತಾಯಿತು.

‘ಸಂಸ್ಕಾರ’ದ ಕಾಲಕ್ಕೂ ‘ತಿಥಿ’ಯ ಕಾಲಕ್ಕೂ ನಡುವೆ ಒಂದು ದೊಡ್ಡ ಬದಲಾವಣೆ ಆಗಿಹೋಗಿದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ. ಹಿಂದೆ ಚಿತ್ರ ಮೂಡುತ್ತಿದ್ದುದು ಫಿಲಂ ಸುರುಳಿಯ ಮೇಲೆ. ಸೆಕೆಂಡಿಗೆ 24 ಚಿತ್ರಗಳಂತೆ ಓಡುವ 35 ಮಿಲಿಮೀಟರ್ ಫಿಲಂ ನಿಮಿಷಕ್ಕೆ 90 ಅಡಿ ಕರಗುತ್ತದೆ. 400 ಅಡಿಯ ಸುರುಳಿ ನಾಲ್ಕೂವರೆ ನಿಮಿಷಕ್ಕೂ ಮೊದಲೇ ಮುಗಿಯುತ್ತದೆ. ನಟ ತಪ್ಪಿದರೆ, ಮೋಡ ಬಂದರೆ, ನಾಯಿ ಬೊಗಳಿದರೆ ಹಣ ಕಣ್ಣೆದುರಿಗೇ ಸುಟ್ಟುಹೋದಂತೆ. ಆದ್ದರಿಂದ ಬಡ ನಿರ್ದೇಶಕನು ಹತ್ತು ಸಲ ತಾಲೀಮು ಮಾಡಿಸಿ ಎರಡೇ ಸಲ ಚಿತ್ರೀಕರಿಸುತ್ತಿದ್ದ. ಈಗ ಫಿಲಂ ಹೋಗಿ ಡಿಜಿಟಲ್ ಬಂದಿದೆ. ತಪ್ಪಿದರೆ ಅಳಿಸಿ ಮತ್ತೆ ತೆಗೆಯಬಹುದು, ಯಂತ್ರಕ್ಕೆ ಖರ್ಚಿಲ್ಲ. ಅಗ್ಗವಾದದ್ದು ಮರುಚಿತ್ರೀಕರಣ. ಅದಕ್ಕಾಗಿ ನಿಂತ ಮನುಷ್ಯನ ಹೊತ್ತು ಅಗ್ಗವಾಯಿತೆ?

ಈ ಪ್ರಶ್ನೆ ನನಗೆ ಹೊಳೆದದ್ದು ಪುಸ್ತಕದಿಂದಲ್ಲ. ಕಳೆದ ಮಾಘಮಾಸದಲ್ಲಿ ನಮ್ಮ ಊರಿಗೆ ನಾಲ್ಕು ಮೈಲಿ ದೂರದ ಹಳ್ಳಿಯೊಂದರಲ್ಲಿ ಇಂಥ ಒಂದು ಚಿತ್ರ ನಡೆದಿತ್ತು. ಗುಂಪಿನ ದೃಶ್ಯಕ್ಕೆ ಬೇಕೆಂದು ನಮ್ಮ ತರಗತಿಯ ಹದಿನೈದು ಮಂದಿಯನ್ನು ಒಂದು ದಿನದ ಮಟ್ಟಿಗೆ ಕರೆದರು. ಬೆಳಗಿನ ಆರಕ್ಕೆ ಹಾಜರಾದೆವು. ನಮ್ಮ ಸರದಿ ಮಧ್ಯಾಹ್ನಕ್ಕೆ ಎಂದರು. ಅಲ್ಲಿಯವರೆಗೆ ಸದ್ದಿಲ್ಲದೆ ಕುಳಿತು ನೋಡುವುದೇ ಕೆಲಸವಾಯಿತು.

ಬೆಳಗಿನ ದೃಶ್ಯ ಇಷ್ಟೇ: ತಾಯಿ ಒಲೆಯ ಮುಂದೆ ಕುಳಿತು ಮಗನಿಗೆ ಮುದ್ದೆ ಇಕ್ಕುತ್ತಾಳೆ. ತಾಯಿಯಾಗಿ ಕುಳಿತವರು ಆ ಮನೆಯ ಅಜ್ಜಿಯೇ. ಒಲೆಯ ಮಗ್ಗುಲಿನ ಕಿಟಕಿಯಿಂದ ಬಿಸಿಲು ಒಳಬರುವುದು ಎಂಟರಿಂದ ಹತ್ತೂವರೆಯವರೆಗೆ. ಅದರ ಹೊಳಪನ್ನು ಬಿಳಿಯ ಥರ್ಮೋಕೋಲ್ ಹಲಗೆಯಿಂದ ಅಜ್ಜಿಯ ಮುಖಕ್ಕೆ ತಿರುಗಿಸುತ್ತಿದ್ದರು. ಮಾತನ್ನು ಸ್ಥಳದಲ್ಲಿಯೇ ಮುದ್ರಿಸಿಕೊಳ್ಳುವ ಕ್ರಮವಾದ್ದರಿಂದ ಹೊರಗಿನ ಸದ್ದು ಕೂಡದು. ಬೀದಿಯ ಕೊನೆಯಲ್ಲಿ ಹಿಟ್ಟಿನ ಗಿರಣಿ. ಹುಡುಗನೊಬ್ಬ ಓಡಿಹೋಗಿ ಬೇಡಿಕೊಂಡ, ಗಿರಣಿಯವರು ನಿಲ್ಲಿಸಿದರು. ಹೀಗೆ ಮೂರು ಸಲ. ರಾಗಿಯ ಡಬ್ಬ ಹಿಡಿದು ಬಂದವರು ಜಗಲಿಯ ಮೇಲೆ ಕಾಯುತ್ತ ಕುಳಿತರು.

ಹಿಂದಿನ ಸಲ ಮುರಿದ ಮುದ್ದೆ ಮುಂದಿನ ಸಲಕ್ಕೆ ಆಗದು. ಪ್ರತಿಸಲವೂ ಹೊಗೆಯಾಡುವ ಹೊಸ ಮುದ್ದೆ ತಟ್ಟೆಗೆ ಬೀಳಬೇಕು. ಒಳಗೆ ಸೊಸೆಯವರು ಎಸರಿಟ್ಟು ತೊಳಸುತ್ತಲೇ ಇದ್ದರು. ಆರನೆಯ ಸಲವೋ ಏಳನೆಯ ಸಲವೋ ಅಜ್ಜಿ ತಲೆಯೆತ್ತಿ, “ಇನ್ನೆಷ್ಟು ಸಲ ಇಕ್ಕಬೇಕು ಮಗಾ? ಅವನಿಗೂ ಹೊಟ್ಟೆ ಅನ್ನೋದು ಒಂದೈತಲ್ಲ!” ಎಂದರು. ಎಲ್ಲರೂ ನಕ್ಕೆವು, ಮಗನ ಪಾತ್ರದ ಯುವಕ ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ಹನ್ನೊಂದನೆಯ ಸಲಕ್ಕೆ ಒಪ್ಪಿಗೆಯಾಯಿತು. ಅಜ್ಜಿ ಮಗನ ಮುಖ ನೋಡದೆ ತಟ್ಟೆಯನ್ನು ತಳ್ಳಿ, ಸೆರಗಿನಿಂದ ಕತ್ತು ಒರೆಸಿಕೊಂಡು ಸುಮ್ಮನೆ ಕುಳಿತರು. ನಿಜವಾಗಿಯೂ ಅಪೂರ್ವವಾಗಿತ್ತು. ಆದರೆ ಆ ದಣಿವು ಅಭಿನಯವಲ್ಲ. ನಾಳೆ ಚಿತ್ರ ನೋಡಿ ‘ಎಂಥ ಸಹಜತೆ!’ ಎನ್ನುವವರು ಮೆಚ್ಚುವುದು ಹತ್ತು ಸಲ ಕೂತೆದ್ದ ಎಪ್ಪತ್ತರ ಹೆಂಗಸಿನ ಬೆನ್ನುನೋವನ್ನು. ಅದಾದ ಮೇಲೆ ಧ್ವನಿಗ್ರಾಹಕರು ಎಲ್ಲರನ್ನೂ ಇದ್ದಲ್ಲಿಯೇ ನಿಲ್ಲಿಸಿ ಒಂದು ನಿಮಿಷ ಆ ಮನೆಯ ಬರಿಯ ಮೌನವನ್ನು ಮುದ್ರಿಸಿಕೊಂಡರು. ಮನೆಯವರ ಊಟವಾದಾಗ ಗಂಟೆ ಎರಡು. ಹಿಟ್ಟು ಅವರದೇ, ಸೌದೆಯೂ ಅವರದೇ.

ಮಧ್ಯಾಹ್ನದ ಸಂಗತಿಯನ್ನು ಚಿಕ್ಕದಾಗಿ ಮುಗಿಸುತ್ತೇನೆ. ಕೆರೆಯ ಏರಿಯ ಮೇಲೆ ನಾವು ನಡೆದುಹೋಗಬೇಕಾಗಿತ್ತು. ಮೋಡ ಸರಿಯಲೆಂದು ನಾಲ್ಕು ಗಂಟೆ ಕಾದೆವು. ನಡೆದದ್ದು ನಲವತ್ತು ಸೆಕೆಂಡು. ಅಲ್ಲಿ ಹೆಣ್ಣುಮಕ್ಕಳಿಗೆ ಶೌಚದ ಏರ್ಪಾಡೇ ಇರಲಿಲ್ಲ. ಉಡುಪಿನ ವಿಭಾಗದ ಇಬ್ಬರು ತರುಣಿಯರೂ ನಮ್ಮ ಸಹಪಾಠಿನಿಯರೂ ಮಧ್ಯಾಹ್ನದಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದರೆಂದು ಹಿಂದಿರುಗುವಾಗ ತಿಳಿಯಿತು. ಬಸ್ಸಿನ ಹಣವನ್ನು ಕೇಳಿದಾಗ, “ನಿಮಗೆ ಅನುಭವ ಸಿಕ್ಕಿತಲ್ಲ” ಎಂಬ ಉತ್ತರ ಬಂತು.

ಆ ತಂಡದ ನಿರ್ದೇಶಕರು ಮೋಸಗಾರರಲ್ಲವೆಂದು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಅವರಿಗೂ ಸಂಬಳವಿರಲಿಲ್ಲ, ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಂಡವರು ಅವರು. ಆದರೆ ಅದೇ ಸ್ಥಳದಲ್ಲಿ ಒಂದು ವಿಚಿತ್ರವನ್ನು ಕಂಡೆ. ಕ್ಯಾಮೆರಾ ದಿನದ ಬಾಡಿಗೆಯ ಮೇಲೆ ಬಂದದ್ದು. ಅದನ್ನು ಕಾಯಲು ಬಾಡಿಗೆ ಸಂಸ್ಥೆಯ ಕಡೆಯ ಒಬ್ಬರು ಜತೆಗೇ ಬಂದಿದ್ದರು. ಅವರಿಗೆ ದಿನಭತ್ಯೆ ಇಷ್ಟು, ಗೊತ್ತಾದ ಹೊತ್ತು ಮೀರಿದರೆ ಇನ್ನಿಷ್ಟು ಎಂದು ಕರಾರು. ಸಂಜೆ ಆರು ಹೊಡೆಯುತ್ತಿದ್ದಂತೆ ತಂಡವೆಲ್ಲ ಅವರ ಮುಖವನ್ನೇ ನೋಡಿತು! ಯಂತ್ರವು ತನ್ನ ನಿಯಮವನ್ನು ಜತೆಗೆ ತಂದಿತ್ತು. ಅಜ್ಜಿಗೆ, ಗಿರಣಿಗೆ, ನಮಗೆ ಯಾವ ನಿಯಮವೂ ಇರಲಿಲ್ಲ.

ಕಾನೂನುಗಳು ಇಲ್ಲವೆಂದಲ್ಲ. ಚಿತ್ರದ ಕೆಲಸಗಾರರೊಡನೆ ಲಿಖಿತ ಒಪ್ಪಂದ ಇರಬೇಕೆಂದು 1981ರಲ್ಲಿಯೇ ಕೇಂದ್ರ ಕಾಯಿದೆಯೊಂದು ವಿಧಿಸಿತು. ಟಿಕೆಟ್ಟಿನ ಮೇಲೆ ಉಪಕರ ವಿಧಿಸಿ ಸಿನಿಮಾ ಮತ್ತು ಸಾಂಸ್ಕೃತಿಕ ಕ್ಷೇತ್ರದ ಕೆಲಸಗಾರರಿಗಾಗಿ ಕ್ಷೇಮನಿಧಿ ಸ್ಥಾಪಿಸುವ ಕಾಯಿದೆಯನ್ನು ಕರ್ನಾಟಕವು 2024ರಲ್ಲಿ ಮಾಡಿದೆ. ಒಳ್ಳೆಯದೇ. ಆದರೆ ಒಂದು ದಿನ ಒಲೆ ಬಿಟ್ಟುಕೊಟ್ಟವರನ್ನು ಯಾವ ನೋಂದಣಿ ಪುಸ್ತಕದಲ್ಲಿ ಹುಡುಕುವುದು?

‘ಹೀಗೆಲ್ಲ ಲೆಕ್ಕ ಹಾಕಿದ್ದರೆ ಪಥೇರ್ ಪಾಂಚಾಲಿ ಆಗುತ್ತಲೇ ಇರಲಿಲ್ಲ’ ಎಂದು ನಮ್ಮ ಉಪನ್ಯಾಸಕರೊಬ್ಬರು ಆಕ್ಷೇಪಿಸಿದರು. ಗುರುಗಳ ಮಾತನ್ನು ಗೌರವದಿಂದಲೇ ಒಪ್ಪದೆ ಇದ್ದೇನೆ. ರಾಯ್ ಅವರ ಹಣ ಮುಗಿದಾಗ ಚಿತ್ರೀಕರಣ ನಿಂತಿತು, ತಿಂಗಳುಗಟ್ಟಲೆ ನಿಂತಿತು. ಬಡತನದ ಮೊದಲ ಪೆಟ್ಟನ್ನು ಚಿತ್ರವೇ ತಿಂದಿತು. ಈಗಿನ ರೀತಿ ಬೇರೆ: ಚಿತ್ರ ನಿಲ್ಲುವುದಿಲ್ಲ, ಉಳಿದವರು ಭರಿಸುತ್ತಾರೆ. ಜನರು ಪ್ರೀತಿಯಿಂದ ಕೊಟ್ಟರೆ ಬೇಡವೆನ್ನಬೇಕೆ? ಬೇಡ, ಪಡೆಯೋಣ. ಆದರೆ ಪಡೆದದ್ದನ್ನು ಬರೆದಿಡೋಣ. ಉಪಕಾರವನ್ನು ಉಳಿತಾಯವೆಂದು ಕರೆಯುವುದು ನನಗೆ ಸರಿಬೀಳುವುದಿಲ್ಲ.

ಆದಕಾರಣ ನಾಟಕ ಸಂಘದ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟು. ಅಂದಾಜುಪಟ್ಟಿಯಲ್ಲಿ ಕ್ಯಾಮೆರಾ ಬಾಡಿಗೆಗಿಂತ ಮೊದಲು ಮನೆಯವರ ಹಿಟ್ಟು, ಸೌದೆ, ಅರ್ಧ ದಿನದ ಕೂಲಿ, ಹುಡುಗರ ಬಸ್ಸು ಖರ್ಚು ಬರಲಿ. ಹೆಣ್ಣುಮಕ್ಕಳಿಗೆ ಏರ್ಪಾಡಿಲ್ಲದ ಜಾಗ ಎಷ್ಟೇ ಸುಂದರವಾಗಿರಲಿ, ಅಲ್ಲಿ ಚಿತ್ರೀಕರಣ ಬೇಡ. ಗಿರಣಿ ನಿಲ್ಲಿಸಿದವರ ಹೆಸರೂ ತೆರೆಯ ಮೇಲೆ ಬರಲಿ. ಇಷ್ಟಕ್ಕೆ ಹಣ ಸಾಲದಿದ್ದರೆ ಇಪ್ಪತ್ತು ನಿಮಿಷದ ಚಿತ್ರವನ್ನು ಹನ್ನೆರಡಕ್ಕೆ ಇಳಿಸಬಹುದು; ಮೂರು ದಿನದ ಕೆಲಸವನ್ನು ಫಿಲಂ ಕಾಲದವರಂತೆ ಮೊದಲೇ ತಾಲೀಮು ಮಾಡಿ ಎರಡಕ್ಕೆ ತರಬಹುದು. ಪಟ್ಟಿ ಸಿದ್ಧವಾದ ಮೇಲೆ ಅದನ್ನು ಸೂಚನಾಫಲಕಕ್ಕೆ ಹಚ್ಚಲಿ. ಚಿತ್ರಕ್ಕೆ ಕರೆದರೆ ಬರಲು ನಾನಂತೂ ಸಿದ್ಧನಿದ್ದೇನೆ. ಅದಕ್ಕೆ ಮೊದಲು ಆ ಪಟ್ಟಿಯನ್ನು ಓದುತ್ತೇನೆ.