ಬ್ರೇಕ್ ವ್ಯಾನಿನ ಕಂಬಿ

ಹರಿಹರದಲ್ಲಿ ಗೂಡ್ಸ್ ನಿಂತ್ರೆ ಎಲ್ಲರೂ ಇಂಜಿನ್ ನೋಡ್ತಾರೆ, ನಾನು ಬಾಲದ ಬ್ರೇಕ್ ವ್ಯಾನ್ ನೋಡ್ತೀನಿ. ಎಚ್‌ಓ ಮಾಡೆಲ್ ಅಂದ್ರೆ 1:87. ಒಂದಿಂಚು ದಪ್ಪದ ಕೈಹಿಡಿ ಕಂಬಿ ಅಲ್ಲಿ 0.3 ಮಿ.ಮೀ.ಗೆ ಇಳೀಬೇಕು. ಪ್ಲಾಸ್ಟಿಕ್ಕಿನಲ್ಲೇ ಅಚ್ಚಾಗಿ ಬಂದದ್ದು ಗೋಡೆಗೆ ಮೆತ್ತಿದ ಶಾವಿಗೆ ಥರ ಇರುತ್ತೆ. ಬ್ಲೇಡಲ್ಲಿ ಕೆರೆದು ಹಾಕಿ, ಸಣ್ಣ ತೂತು ಕೊರೆದು, ದಾವಣಗೆರೆಯ ಯಾವ ಎಲೆಕ್ಟ್ರಿಕಲ್ ಅಂಗಡೀಲಾದ್ರೂ ಸಿಗೋ ವೈರಿನ ತಾಮ್ರದ ಎಳೆ ಕೂರಿಸಿ.

"ಓಡೋ ರೈಲಲ್ಲಿ ಯಾರಿಗ್ರೀ ಕಾಣುತ್ತೆ?" ಅಂತಾರೆ. ನಾನೊಪ್ಪಲ್ಲ. (ನಮ್ಮ ಬ್ರಾಡ್‌ಗೇಜಿಗೆ 19.3 ಮಿ.ಮೀ. ಹಳಿ ಬೇಕು, ಸಿಗೋದು 16.5. ಆ ಸುಳ್ಳನ್ನ ಹೇಗೂ ನುಂಗಿದೀವಿ!) ಗಾರ್ಡ್ 2022ರಲ್ಲಿ ಟ್ರೈನ್ ಮ್ಯಾನೇಜರ್ ಆದ್ರು. ಈಗ ವ್ಯಾನಿನ ಬದಲು ಕೊನೇ ವ್ಯಾಗನ್ನಿಗೆ ಇಒಟಿಟಿ ಪೆಟ್ಟಿಗೆ ಸಿಕ್ಕಿಸೋದೂ ಶುರುವಾಗಿದೆ. ವ್ಯಾನೇ ಹೋದ್ಮೇಲೆ ಆ ಕಂಬಿ ಎಲ್ಲಿ ಬಾಗಿತ್ತು ಅಂತ ಯಾರನ್ನ ಕೇಳೋದು?