ಕಿತ್ತ ಶೀಟು ಎಲ್ಲಿಗೆ ಹಾಕಬೇಕು?

ಮಳೆಗಾಲ ಹತ್ತಿರ ಬಂತೆಂದರೆ ಪೇಟೆಯಲ್ಲಿ ಸೂರು ರಿಪೇರಿ ಶುರು. ಅಂಗಡಿ ಮುಂದಿನ ಇಳಿಜಾರು, ಹಿಂದಿನ ಗೋದಾಮು, ಬಾಡಿಗೆ ಮನೆಗಳ ಸಾಲು, ಎಲ್ಲ ಕಡೆ 30-40 ವರ್ಷದ ಹಳೆ ಆಸ್ಬೆಸ್ಟಾಸ್ ಶೀಟು ಕಿತ್ತು ಬಣ್ಣದ ತಗಡು ಹಾಕಿಸುತ್ತಾರೆ. ಹಾಕಿಸಲಿ, ಬೇಡವೆನ್ನುವವರಾರು? ಆದರೆ ಕಿತ್ತ ಶೀಟು ಎಲ್ಲಿಗೆ ಹೋಗುತ್ತದೆ?

ಚರಂಡಿ ದಂಡೆಗೆ, ಕೆರೆ ಅಂಗಳಕ್ಕೆ, ಬಸ್ ನಿಲ್ದಾಣದ ಹಿಂದಿನ ಖಾಲಿ ಸೈಟಿಗೆ. ಇಲ್ಲವೇ ಸುತ್ತಿಗೆಯಲ್ಲಿ ಪುಡಿಮಾಡಿ ರಸ್ತೆ ಗುಂಡಿಗೆ ತುಂಬುತ್ತಾರೆ. ಅದರ ಮೇಲೆ ಬಸ್ಸು ಓಡುತ್ತದೆ, ನಿಂತ ಜನ ಮೂಗು ಮುಚ್ಚಿಕೊಂಡು ಧೂಳನ್ನು ಬಯ್ಯುತ್ತಾರೆ. ಆ ಧೂಳಿನಲ್ಲಿ ಏನಿದೆ ಅಂತ ಯಾರೂ ಕೇಳುವುದಿಲ್ಲ.

ಶೀಟಿನಲ್ಲಿ ಬಹುಪಾಲು ಸಿಮೆಂಟು. ನೂರಕ್ಕೆ 10ರ ಆಸುಪಾಸು ಕಲ್ನಾರು. ಗಟ್ಟಿಯಾಗಿ ಕೂತ ಶೀಟಿನಿಂದ ನಾರು ಅಷ್ಟಾಗಿ ಏಳುವುದಿಲ್ಲ. ಒಡೆದಾಗ, ಕೊಯ್ದಾಗ, ತೂತು ಕೊರೆದಾಗ, ತಂತಿ ಬ್ರಷ್ಷಿನಲ್ಲಿ ಪಾಚಿ ಉಜ್ಜಿದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶಕ್ಕೆ ಇಳಿಯುತ್ತವೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ರೋಗ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 20-40 ವರ್ಷ ಕಳೆದ ಮೇಲೆ. ಅದಕ್ಕೇ ಯಾರಿಗೂ ಹೆದರಿಕೆಯಿಲ್ಲ. “ನಮ್ಮಪ್ಪ ಇದೇ ಸೂರಿನಡಿ ಬಾಳಿ ಬದುಕಲಿಲ್ಲವೇ?” ಎನ್ನುವ ಯಜಮಾನರಿದ್ದಾರೆ. ಸೂರಿನಡಿ ಕೂತವರ ಮಾತು ಬೇರೆ, ಮೇಲೆ ಹತ್ತಿ ಒಡೆಯುವವನ ಮಾತು ಬೇರೆ.

1995ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಕಲ್ನಾರು ಕಾರ್ಖಾನೆಯ ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಲ್ಲಿಯತನಕ ಇಡಬೇಕೆಂದಿತು. ಸರಿಯಾದ ಮಾತೇ. ಆದರೆ ದಿನಗೂಲಿಗೆ ಬಂದು, ಮೂಗಿಗೆ ಟವೆಲ್ ಕಟ್ಟಿಕೊಂಡು ಸೂರು ಕೀಳುವವನ ದಾಖಲೆ ಯಾರ ಹತ್ತಿರ ಇದೆ? ಅವನು ಸಂಜೆ ಅದೇ ಅಂಗಿಯಲ್ಲಿ ಮನೆಗೆ ಹೋಗುತ್ತಾನೆ. ಹೆಂಡತಿ ಅದನ್ನು ಕೊಡವಿ ಒಗೆಯುತ್ತಾಳೆ. ಆಕೆಯ ಲೆಕ್ಕ ಯಾರೂ ಇಟ್ಟಿಲ್ಲ.

ಆಸ್ಟ್ರೇಲಿಯಾ 2003ರ ಕೊನೆಗೆ ಕಲ್ನಾರು ನಿಷೇಧಿಸಿತು. ಇಲ್ಲಿ ಹೊಸ ಶೀಟೇ ಅಂಗಡಿಯಲ್ಲಿ ಸಿಗುತ್ತದೆ. ಅದು ದೆಹಲಿಯವರು ತೀರ್ಮಾನಿಸಬೇಕಾದ ವಿಷಯ. ಊರಿನವರ ಕೈಯಲ್ಲಿರುವುದು ಹಳೆ ಶೀಟು.

ಬಿರುಕಿಲ್ಲದ ಶೀಟನ್ನು ಮುಟ್ಟದೆ ಬಿಡುವುದೇ ಮೇಲು. ಕೀಳಲೇಬೇಕಾದರೆ ಮೊದಲು ನೀರು ಚಿಮುಕಿಸಬೇಕು, ಆದರೆ ಕಾಲು ಜಾರುವಷ್ಟು ಸುರಿಯಬಾರದು. ಹಳೆ ಶೀಟಿನ ಮೇಲೆ ನೇರ ಕಾಲಿಟ್ಟರೆ ಆಳೂ ಶೀಟೂ ಒಟ್ಟಿಗೆ ಕೆಳಗೆ. ಹಲಗೆ ಹಾಕಿಕೊಂಡೇ ನಡೆಯಬೇಕು. ತುಕ್ಕು ಹಿಡಿದ ಬೋಲ್ಟು ಬಿಚ್ಚದಿದ್ದರೆ ಬೋಲ್ಟನ್ನೇ ಕತ್ತರಿಸಬೇಕು, ಶೀಟನ್ನಲ್ಲ. ಎಸೆಯದೆ ಇಡಿಯಾಗಿ ಇಳಿಸಬೇಕು. ಟವೆಲ್ಲು, ಕರ್ಚೀಫು ಈ ನಾರನ್ನು ತಡೆಯುವುದಿಲ್ಲ. ಮೆಡಿಕಲ್ ಸ್ಟೋರಿನ ಮಾಮೂಲಿ ನೀಲಿ ಮಾಸ್ಕೂ ಸಾಲದು. ಮುಖಕ್ಕೆ ಬಿಗಿಯಾಗಿ ಕೂರುವ, ಸೂಕ್ಷ್ಮ ಧೂಳು ತಡೆಯುವ ಮಾಸ್ಕನ್ನು ಕೆಲಸ ಮಾಡಿಸುವ ಯಜಮಾನರೇ ಕೊಡಿಸಬೇಕು. ಸಾವಿರಾರು ರೂಪಾಯಿ ತಗಡಿಗೆ ಕೊಡುವವರಿಗೆ ಇದೊಂದು ಖರ್ಚೇ? ಬಿದ್ದ ಚೂರನ್ನು ಒಣ ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಬಳಿದು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಅಂಗಡಿಯವರು ಕೇಳುತ್ತಾರೆ, “ಎಲ್ಲಿಗೆ ಹಾಕೋಣ ಸ್ವಾಮಿ?” ಇದಕ್ಕೆ ನಗರಸಭೆಯವರೇ ಉತ್ತರ ಕೊಡಬೇಕು. ಮನೆ ಕಸದ ಗಾಡಿಗೆ ಶೀಟು ಹಾಕಿದರೆ ಮುಂದೆ ಬರಿಗೈಯಲ್ಲಿ ಆರಿಸುವವರು ಪೌರಕಾರ್ಮಿಕರು. ಮಳೆಗೆ ಮುಂಚೆ ವಾರ್ಡಿಗೊಂದು ದಿನ ಗೊತ್ತುಮಾಡಿ, ಬೇರೆ ಗಾಡಿಯಲ್ಲಿ ಇಡೀ ಶೀಟು ಹೊತ್ತು, ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿದ ಜಾಗದಲ್ಲಿ ಹೂಳುವ ಏರ್ಪಾಡು ಆಗಬೇಕು. ಸ್ವಲ್ಪ ಶುಲ್ಕ ಕೇಳಿದರೂ ವರ್ತಕರು ಕೊಟ್ಟಾರು. ಅಲ್ಲಿಯತನಕ ಕಿತ್ತ ಶೀಟನ್ನು ಒಡೆಯದೆ ಹಿತ್ತಲ ಮೂಲೆಯಲ್ಲಿ ಪೇರಿಸಿ, ತಾರ್ಪಾಲು ಹೊದಿಸಿ ಇಡಲಿ.