‘ಸರ್ವರ್ ಇಲ್ಲ’ ಎಂದರೆ ಸುಮ್ಮನೆ ಎದ್ದು ಬರಬೇಡಿ

‘ಸರ್ವರ್ ಇಲ್ಲ, ನಾಳೆ ಬನ್ನಿ.’ ಈ ಮಾತು ಕೇಳದ ಹಳ್ಳಿಯವರು ಯಾರಿದ್ದಾರೆ? ರೇಷನ್ ಅಂಗಡಿ, ನಾಡಕಚೇರಿ, ಸೊಸೈಟಿ, ಎಲ್ಲ ಕಡೆ ಇದೇ ಉತ್ತರ. ನಾವೂ ನೆಟ್‌ವರ್ಕ್‌ಗೆ ಬೈದು ಮನೆಗೆ ಬರುತ್ತೇವೆ.

ಜೂನ್ ಮೊದಲ ವಾರ ನಮ್ಮ ಕಡೆಯ ಒಂದು ಸೊಸೈಟಿಯ ಶಾಖೆಯಲ್ಲೂ ಹೀಗೇ ಆಯಿತು. ಮುಂಗಾರು ಬಿತ್ತನೆಯ ಹೊತ್ತು. ಗೊಬ್ಬರಕ್ಕೆ, ಬೆಳೆ ಸಾಲಕ್ಕೆ ಬಂದವರು ಮೂರು ದಿನ ಬರಿಗೈಲಿ ಹೋದರು. ಸಿಬ್ಬಂದಿ ‘ನೆಟ್‌ವರ್ಕ್ ಸಮಸ್ಯೆ’ ಎಂದರು. ಆದರೆ ಅದೇ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಚೆನ್ನಾಗಿಯೇ ಬರುತ್ತಿತ್ತು. ಪರದೆ ಮೇಲೆ ಬರುತ್ತಿದ್ದ ಇಂಗ್ಲಿಷ್ ಸಾಲನ್ನು ಯಾರೂ ಓದಿರಲಿಲ್ಲ. ಲೈಸೆನ್ಸ್ ಕೊಡುವ ಸರ್ವರ್ ಸಿಗದ ಕಾರಣ ಸಂಪರ್ಕ ಕಡಿದಿದೆ ಎಂದು ಅದರಲ್ಲೇ ಇತ್ತು.

ಶಾಖೆಯವರು ಮುಖ್ಯ ಕಚೇರಿಯ ವಿಂಡೋಸ್ ಸರ್ವರ್ ಒಳಗೆ ದೂರದಿಂದಲೇ ಕೆಲಸ ಮಾಡುತ್ತಾರೆ. ಇದಕ್ಕೆ ರಿಮೋಟ್ ಡೆಸ್ಕ್‌ಟಾಪ್ ಎನ್ನುತ್ತಾರೆ. ಹೀಗೆ ಒಳಬರುವ ಪ್ರತಿ ಬಳಕೆದಾರರಿಗೆ, ಇಲ್ಲವೇ ಪ್ರತಿ ಕಂಪ್ಯೂಟರಿಗೆ, ಬೇರೆಯೇ ಲೈಸೆನ್ಸ್ ಕೊಳ್ಳಬೇಕು. ಕೊಳ್ಳದಿದ್ದರೂ 120 ದಿನ ನಡೆಯುತ್ತದೆ, ಆಮೇಲೆ ಬಾಗಿಲು ಮುಚ್ಚುತ್ತದೆ. ಇಲ್ಲಿ ಸರ್ವರ್ ಕೂರಿಸಿದ್ದು ಫೆಬ್ರವರಿ ಮೊದಲ ವಾರ. ನೀವೇ ಲೆಕ್ಕ ಹಾಕಿ.

ಹಾಗಾಗಿ ಇದನ್ನು ಆಕಸ್ಮಿಕ ಎನ್ನಲು ನಾವು ಒಪ್ಪುವುದಿಲ್ಲ. ನಿಲ್ಲುವ ದಿನ ಕೂರಿಸಿದ ದಿನವೇ ಗೊತ್ತಿತ್ತು. ಕೂರಿಸಿದವರು ಹೇಳಲಿಲ್ಲ, ಆಡಳಿತ ಮಂಡಳಿ ಕೇಳಲಿಲ್ಲ, ಪೆಟ್ಟು ಬಿದ್ದದ್ದು ರೈತರಿಗೆ.

ರಿಪೇರಿಗೆ ಬಂದವರು ಸುಲಭದ ದಾರಿ ಹೇಳಿದರು. ಸರ್ವರ್ ಒಳಗಿನ ದಿನ ಎಣಿಸುವ ದಾಖಲೆ ಅಳಿಸಿದರೆ ಮತ್ತೆ 120 ದಿನ ಸಿಗುತ್ತದಂತೆ. ಸಿಗಬಹುದು. ಆದರೆ ಅದು ಕಳ್ಳದಾರಿ. ಮೇಲಾಗಿ ಅಕ್ಟೋಬರಿನಲ್ಲಿ, ಹಿಂಗಾರು ಬಿತ್ತನೆಗೆ ಸರಿಯಾಗಿ, ಮತ್ತೆ ನಿಲ್ಲುತ್ತದೆ.

ಲೈಸೆನ್ಸ್‌ಗೆ ದುಡ್ಡು ಬೇಕು, ಸಣ್ಣ ಸೊಸೈಟಿಗೆ ಅದು ಭಾರವೇ, ನಿಜ. ಅದಕ್ಕೇ ಎಣಿಸಿ ಕೊಳ್ಳಬೇಕು. ಒಂದೇ ಕಂಪ್ಯೂಟರಿನಲ್ಲಿ ನಾಲ್ಕು ಜನ ಸರದಿಯಲ್ಲಿ ಕೂರುವುದಾದರೆ ಕಂಪ್ಯೂಟರ್ ಲೆಕ್ಕದ್ದು ಸಾಕು. ಒಬ್ಬರೇ ಎರಡು ಮೂರು ಕಂಪ್ಯೂಟರ್ ಬಳಸುವುದಾದರೆ ಬಳಕೆದಾರರ ಲೆಕ್ಕದ್ದು ಲಾಭ. ಕೊಂಡ ಮೇಲೂ ನಿಂತರೆ ಮತ್ತೆ ದುಡ್ಡು ಸುರಿಯಬೇಡಿ. ಲೈಸೆನ್ಸ್ ಎಲ್ಲಿದೆ, ಯಾವ ಲೆಕ್ಕದ್ದು ಎಂಬುದನ್ನು ಸರ್ವರ್‌ಗೆ ತಿಳಿಸಿರಬೇಕು. ಅದು ತಪ್ಪಿದ್ದರೂ ಬಾಗಿಲು ತೆಗೆಯುವುದಿಲ್ಲ. ಇದನ್ನು ತೋರಿಸುವ ಲೈಸೆನ್ಸಿಂಗ್ ಡಯಾಗ್ನೋಸರ್ ಎಂಬ ಸಾಧನ ವಿಂಡೋಸ್ ಸರ್ವರ್‌ನಲ್ಲೇ ಸಿಗುತ್ತದೆ.

ಸೊಸೈಟಿ ನಡೆಯುವುದು ಸದಸ್ಯರ ದುಡ್ಡಿನಲ್ಲಿ. ಮುಂದಿನ ಮಹಾಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ಲೈಸೆನ್ಸ್ ಇದೆಯೇ? ಎಷ್ಟು ಇದೆ? ಕಾಗದ ಸೊಸೈಟಿ ಹೆಸರಿನಲ್ಲಿದೆಯೋ, ಕೂರಿಸಿದವರ ಹೆಸರಿನಲ್ಲೋ?

ಅಲ್ಲಿಯವರೆಗೆ, ಯಾರಾದರೂ ‘ಸರ್ವರ್ ಇಲ್ಲ’ ಎಂದರೆ, ‘ಪರದೆ ಮೇಲೆ ಏನು ಬರೆದಿದೆ, ಓದಿ ಹೇಳಿ ಸಾರ್’ ಎನ್ನಿ.